ಮೇಲಿನವರಿಗೆ ಇಟ್ಟ ಬಾಟಲಿಗಳು

"ಅದನ್ನ ಬಿಚ್ಚಬೇಡಿ."

ಬುರುಲ್ ಹಾಗೆನ್ನುವಷ್ಟರಲ್ಲಿ ತಡವಾಗಿತ್ತು. ಪ್ರಯೋಗಾಲಯದ ಮಾಳಿಗೆಯ ಮೇಲೆ ಅಪರಿಚಿತನೊಬ್ಬ ಅವಳ ಬಾಟಲಿಗೆ ಸುತ್ತಿದ್ದ ಬೆಳ್ಳಿ ಹಾಳೆಯನ್ನು ಪೂರ್ತಿ ಬಿಚ್ಚಿ, ಒಳಗಿನ ನೀರನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ.

"ಒಳಗೇನಿದೆ ಅಂತ ನೋಡ್ತಿದ್ದೆ..."

"ಕತ್ತಲೆ ಇತ್ತು. ಹನ್ನೊಂದು ದಿನದ ಕತ್ತಲೆ."

ಅವನು ಕೆಂಡ ಮುಟ್ಟಿದವನಂತೆ ಬಾಟಲಿಯನ್ನು ಕೆಳಗಿಟ್ಟ. ಹೆಸರು ಎರ್ಮೆಕ್. ಹೊಸ ಯಂತ್ರ ಜೋಡಿಸಲು ದೂರದ ಓಶ್‌ನಿಂದ ಬಂದ ಮೆಕ್ಯಾನಿಕ್. ಬೇಸಿಗೆ ಮುಗಿಯುವವರೆಗೆ ಈ ಊರಲ್ಲಿ, ಕಾರಾಕೋಲ್‌ನಲ್ಲೇ ಇರುವವನು.

ಬುರುಲ್ ಬೈಯಲಿಲ್ಲ. ಬೈಯುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕು... ಮೂರು ವರ್ಷದ ಹಿಂದೆ ಕಣಿವೆಯ ದಾರಿಯಲ್ಲಿ ಹಿಮ ಕುಸಿದು ಗಂಡ ಮಿರ್ಲಾನ್ ಹೋದ ಮೇಲೆ ಅವಳು ಅತ್ತಿರಲಿಲ್ಲ, ನಕ್ಕಿರಲಿಲ್ಲ. ನೀರು ತರುತ್ತಿದ್ದಳು, ಅಳೆಯುತ್ತಿದ್ದಳು, ಬರೆದಿಡುತ್ತಿದ್ದಳು.

ಮರುದಿನ ಅವನು ಈ ಬಾಟಲಿಗಳೇಕೆ ಎಂದು ಕೇಳಿದಾಗ ನಾಲ್ಕು ಮಾತಿನಲ್ಲಿ ಹೇಳಿದಳು. ಊರಿನವರು ನುಂಗಿದ ನೋವಿನ ಮಾತ್ರೆ ಒಂದಿಷ್ಟು ಮೈಯಿಂದ ಹೊರಬಿದ್ದು, ಚರಂಡಿ ದಾಟಿ, ನದಿ ಸೇರಿ, ಇಸಿಕ್‌ಕುಲ್ ಸರೋವರಕ್ಕೆ ಹೋಗುತ್ತದೆ. ಹಾಳೆ ಸುತ್ತದೆ ತೆರೆದಿಟ್ಟ ಬಾಟಲಿಯಲ್ಲಿ ಅದು ದಿನದಿಂದ ದಿನಕ್ಕೆ ಮುರಿದು ಬೇರೇನೋ ಆಗುತ್ತದೆ. ಮುರಿದ ಚೂರೆಲ್ಲ ಒಳ್ಳೆಯದೇ ಎಂದೇನಿಲ್ಲ, ಅದನ್ನೂ ಅಳೆಯಬೇಕು. ಸುತ್ತಿಟ್ಟ ಬಾಟಲಿಯಲ್ಲಿ ಮಾತ್ರ ಎಷ್ಟು ದಿನವಾದರೂ ನೋವಿನ ಮಾತ್ರೆ ಹಾಗೇ ಇರುತ್ತದೆ.

"ಬಿಸಿಲು ತಾನೆ ಮುರಿಯೋದು?"

ಅವಳು ಹೌದೆಂದು ತಲೆಯಾಡಿಸಿದಳು.

ತೆರೆದ ಬಾಟಲಿಗಳ ಚೀಟಿಯ ಮೇಲೆ 'ಮೇಲಿನವರಿಗೆ' ಎಂದಿತ್ತು. ಇದು ಯಾರು ಎಂದು ಅವನು ಕೇಳಿದ. ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

"ಬಿಷ್ಕೆಕ್‌ನ ಮೇಲಧಿಕಾರಿಗಳಾ? ಅವರು ಕುಡಿಯೋದಾದ್ರೆ ಇನ್ನೊಂದಿಷ್ಟು ಮಾತ್ರೆ ಹಾಕಿ."

ಅವಳ ತುಟಿ ಒಂದಿಷ್ಟು ಅಲುಗಿತು. ಅದು ತಿಳಿದು ಅವಳಿಗೇ ಭಯವಾಯಿತು.

ಅವಳ ಮಾವನ ಹೆಸರು ಕ್ಯುನ್‌ಬೊಲೊತ್. ಅವರ ಭಾಷೆಯಲ್ಲಿ ಕ್ಯುನ್ ಎಂದರೆ ಸೂರ್ಯ. ಸೊಸೆ ಮಾವನ ಹೆಸರೆತ್ತಬಾರದು, ಆ ಹೆಸರಿನೊಳಗಿನ ಪದವನ್ನೂ ಆಡಬಾರದು. ಸೊಸೆಯಾಗಿ ಬಂದ ದಿನದಿಂದ ಅವಳಿಗೆ ಸೂರ್ಯನೆಂದರೆ 'ಮೇಲಿನವರು'. ಊರಲ್ಲಿ ಈಗ ಇದನ್ನೆಲ್ಲ ಯಾರೂ ಅಷ್ಟು ಪಾಲಿಸುವುದಿಲ್ಲ. ಆದರೆ ಆ ಮನೆಯಲ್ಲಿ ಉಳಿದಿದ್ದು ಅವಳು, ಮಾವ, ಇಬ್ಬರೇ. ಮಿರ್ಲಾನ್‌ನ ಕಾಲದ್ದೆಂದು ಉಳಿದಿದ್ದೂ ಇಂಥ ಸಣ್ಣಪುಟ್ಟ ನೇಮಗಳೇ. ವಿವರಿಸಹೊರಟರೆ ಹೆಸರೇ ಬಾಯಿಗೆ ಬರುತ್ತಿತ್ತು.

ಎರ್ಮೆಕ್ ದಿನಾ ಮಾಳಿಗೆ ಹತ್ತಿದ. ಬಾಟಲಿ ತಿರುಗಿಸಿಟ್ಟ, ದೂಳು ಒರೆಸಿದ. ಓಶ್‌ನ ಸೊಕ್ಕಿನ ಕತ್ತೆಗಳ ಕಥೆ ಹೇಳಿದ. ಅವಳು ಕೇಳದವಳಂತೆ ಕೇಳಿದಳು. ಮಧ್ಯಾಹ್ನ ತನ್ನ ರೊಟ್ಟಿಯನ್ನು ಅರ್ಧ ಮುರಿದು ಅವನ ಕಡೆ ಸರಿಸುವುದು ಯಾವಾಗ ರೂಢಿಯಾಯಿತೋ ಅವಳಿಗೇ ತಿಳಿಯಲಿಲ್ಲ.

ಆಗಸ್ಟ್‌ನ ಒಂದು ದಿನ, ಮೋಡ ಬಿಟ್ಟು ಬಿಟ್ಟು ಕವಿಯುತ್ತಿದ್ದಾಗ, ಅವನು ಸರೋವರದ ದಂಡೆಯಲ್ಲಿ ಚಹಾ ಕುಡಿಯಲು ಕರೆದ. ಬರೀ ಚಹಾಕ್ಕಲ್ಲ ಎಂದು ಅವನ ದನಿಯೇ ಹೇಳುತ್ತಿತ್ತು.

ಬುರುಲ್ ಆಕಾಶ ನೋಡಿದಳು. ಬಿಸಿಲು ಎಷ್ಟು ಹೊತ್ತು ಬಿತ್ತೆಂದು ನಿಮಿಷ ನಿಮಿಷವೂ ಬರೆದಿಡಬೇಕಿತ್ತು.

"ಇವತ್ತು ಮೇಲಿನವರನ್ನ ಬಿಟ್ಟು ಬರೋಕಾಗಲ್ಲ."

ಅವಳು ವಿಧವೆ ಎಂಬುದನ್ನು ಆ ಬೆಳಿಗ್ಗೆಯಷ್ಟೇ ಪ್ರಯೋಗಾಲಯದ ಕಾವಲುಗಾರ ಅವನಿಗೆ ಹೇಳಿದ್ದ. ಹಾಗೆ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಅವನ ಮುಖ ಇಳಿದದ್ದನ್ನು ಮಾತ್ರ ಕಂಡಳು.

ಅಂದಿನಿಂದ ಅವನು ಮಾಳಿಗೆಗೆ ಬರಲಿಲ್ಲ. ಮೂರು ವಾರದ ಕೆಲಸವನ್ನು ಒಂದೇ ವಾರದಲ್ಲಿ ಮುಗಿಸಿದ. ಅವಳು ಅರ್ಧ ರೊಟ್ಟಿ ಮುರಿದು, ಸರಿಸಲು ಯಾರೂ ಇಲ್ಲದೆ, ಚೀಲಕ್ಕೆ ಹಾಕಿ ಮನೆಗೆ ತಂದಳು. ಏಳು ದಿನವೂ.

ಎಂಟನೆಯ ದಿನ ಬೆಳಿಗ್ಗೆ ಬಾಟಲಿಗಳ ನಡುವೆ ಒಂದು ಚೀಟಿ ಇತ್ತು.

'ಪ್ರತಿ ಗುರುವಾರ ನನ್ನಜ್ಜಿ, ಮನೆಯಲ್ಲಿ ತೀರಿಕೊಂಡವರ ಹೆಸರಲ್ಲಿ ರೊಟ್ಟಿ ಕರಿಯುತ್ತಿದ್ದರು. ಹಾಗೆ ನೀವು ನಿಮ್ಮ ಮೇಲಿನವರಿಗೆ ಬೆಳಕಿನಲ್ಲಿ ನೀರಿಟ್ಟಿದ್ದೀರಿ. ಗೊತ್ತಿಲ್ಲದೆ ತಮಾಷೆ ಮಾಡಿದೆ, ಕ್ಷಮಿಸಿ. ಹತ್ತು ಗಂಟೆಯ ವ್ಯಾನಿಗೆ ಹೋಗುತ್ತಿದ್ದೇನೆ.'

ಅವಳು ಎರಡು ಸಲ ಓದಿದಳು. ಅವನು ಮೇಲಿನವರೆಂದರೆ ಮಿರ್ಲಾನ್ ಎಂದುಕೊಂಡಿದ್ದ! ಒಂದೇ ಒಂದು ಪದ ಹೇಳಿದ್ದರೆ ಸಾಕಿತ್ತು... ಆ ಪದವನ್ನೇ ಅವಳು ಆಡುವಂತಿರಲಿಲ್ಲ.

ಕಾಲು ಮನೆಯ ಕಡೆ ನಡೆಯಿತು. ಅಂಗಳದಲ್ಲಿ ಮಾವ ಏಪ್ರಿಕಾಟ್ ಸೀಳಿ ಒಣಹಾಕುತ್ತಿದ್ದರು. ಅವಳ ಮುಖ ನೋಡಿ, ಕೈಯಿಂದ ಚೀಟಿ ತೆಗೆದುಕೊಂಡು ಓದಿದರು. ಸೊಸೆಯ 'ಮೇಲಿನವರು' ಯಾರೆಂದು ಗೊತ್ತಿದ್ದ ಅವರಿಗೆ ಮೊದಲು ನಗು ಬಂತು. ಆಮೇಲೆ ಚಾಕು ಒರೆಸಿ ಕೆಳಗಿಟ್ಟರು.

"ಬಾಲಂ, ನನ್ನ ಮಗೂ, ದಿನಾ ಅರ್ಧ ರೊಟ್ಟಿ ವಾಪಸ್ ತರ್ತಿದ್ದೆಯಲ್ಲ, ಅದು ಇವನದ್ದಾ?"

ಅವಳು ತಲೆ ತಗ್ಗಿಸಿದಳು.

"ನನ್ನ ಹೆಸರು ಹೇಳಬಾರದು ಅನ್ನೋದು ಸೊಸೆಗೆ. ಮಗಳಿಗಲ್ಲ." ಅವರು ಚೀಟಿಯನ್ನು ಅವಳ ಕೈಗೆ ವಾಪಸು ಕೊಟ್ಟರು. "ಸೊಸೆ ಅನ್ನೋಕೆ ಮಗ ಇರಬೇಕಲ್ಲಮ್ಮ... ಇವತ್ತಿಂದ ನೀನು ಮಗಳು. ಹೋಗು, ಹೇಳು."

ಮೂರು ವರ್ಷದ ಅಳು ಅಲ್ಲೇ, ಏಪ್ರಿಕಾಟ್ ತಟ್ಟೆಗಳ ನಡುವೆ ಬಂತು. ಅಳುತ್ತಲೇ ಓಡಿದಳು.

ವ್ಯಾನು ತುಂಬಲು ಇನ್ನೊಂದು ಸೀಟು ಬಾಕಿ ಇತ್ತು, ಅದಕ್ಕೇ ಹೊರಟಿರಲಿಲ್ಲ. ಎರ್ಮೆಕ್ ಕಿಟಕಿಯ ಪಕ್ಕ ಕೂತಿದ್ದ.

"ಕ್ಯುನ್," ಎಂದಳು ಬುರುಲ್, ಏದುಸಿರು ಬಿಡುತ್ತ. ಆ ಪದ ಅವಳ ಬಾಯಲ್ಲಿ ಹೊಸದಾಗಿತ್ತು.

"ಏನು?"

"ನನ್ನ ಮಾವ ಕ್ಯುನ್‌ಬೊಲೊತ್. ಅದಕ್ಕೇ ಹೇಳೋಕಾಗ್ತಿರಲಿಲ್ಲ. ಬಾಟಲಿ ಮೇಲೆ ಬರೆದಿದ್ದು... ಬರೀ ಕ್ಯುನ್."

ಅವನು ತಲೆಯೆತ್ತಿ ಆಕಾಶ ನೋಡಿದ, ಆಮೇಲೆ ಅವಳನ್ನು.

"ಅವತ್ತು ಚಹಾಕ್ಕೆ ಬರಲ್ಲ ಅಂದಿದ್ದು?"

"ಬಿಸಿಲಿನ ನಿಮಿಷ ಬರೀಬೇಕಿತ್ತು."

ಇಳೀತೀಯೋ, ಇಲ್ಲ ಅವರನ್ನೂ ಹತ್ತಿಸ್ಕೊತೀಯೋ ಎಂದು ಚಾಲಕ ಗೊಣಗಿದ. ಎರ್ಮೆಕ್ ಚೀಲ ಹಿಡಿದು ಇಳಿದ.

ಇಬ್ಬರೂ ಸರೋವರದ ಕಡೆ ನಡೆದರು. ದಾರಿಯಲ್ಲಿ ಅವನು ಮೆಲ್ಲಗೆ ಕೇಳಿದ.

"ಅವತ್ತು ನಾನು ಹಾಳು ಮಾಡಿದ ಬಾಟಲಿ... ಮತ್ತೆ ಸುತ್ತಿಟ್ರಾ?"

"ಇಲ್ಲ," ಎಂದಳು ಬುರುಲ್. "ಅದು ಬಿಸಿಲಲ್ಲೇ ಇದೆ."