ಇಪ್ಪತ್ತೇಳನೇ ನಂಬರಿನ ಸಿಲಿಂಡರುಗಳು

ಜನವರಿ ಹದಿನಾಲ್ಕು, ಬುಧವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಕಲ್ಮೇಶ್ ಹೊಸಮನಿ ಎಂಬ ಎಂಜಿನಿಯರು ಅಮೆರಿಕದ ಡೆಟ್ರಾಯಿಟ್ ಬಳಿಯ ಕ್ಯಾಂಟನ್ನಿನ ಅಂಚಿನ ಪೊಲೀಸ್ ಠಾಣೆಗೆ ಬಂದು, ಕೈಗವಸುಗಳನ್ನು ಕೌಂಟರಿನ ಮೇಲೆ ಎಸೆದು, ತನ್ನ ಹೆಂಡತಿಯನ್ನೂ ಮಗಳನ್ನೂ ಯಾರೋ ಕೊಲ್ಲಲು ನೋಡಿದ್ದಾರೆ ಎಂದು ದೂರು ಕೊಟ್ಟ. ಹೊರಗೆ ಮೂರು ಡಿಗ್ರಿ ಫ್ಯಾರನ್‌ಹೀಟ್. ಸೆಲ್ಸಿಯಸ್ಸಿನಲ್ಲಿ ಸೊನ್ನೆಗಿಂತ ಹದಿನಾರು ಕೆಳಗಿನ ಆ ಚಳಿಗೆ ಮನುಷ್ಯನ ಸಿಟ್ಟೂ ಹೆಪ್ಪುಗಟ್ಟಬೇಕು, ಆದರೆ ಕಲ್ಮೇಶನದು ಇನ್ನೂ ಕುದಿಯುತ್ತಿತ್ತು.

ದೂರಿನ ಸಾರಾಂಶ ಇಷ್ಟು. ಡಿಸೆಂಬರಿನಲ್ಲಿ ಅವನ ಮನೆಯ ನೀರಿನ ಪೈಪು ಒಡೆದು ನೆಲವೆಲ್ಲ ಹಾಳಾಗಿತ್ತು. ದುರಸ್ತಿ ಮುಗಿಯುವವರೆಗೆ ಸಂಸಾರ ತಮ್ಮದೇ ಟ್ರಾವೆಲ್ ಟ್ರೇಲರಿನಲ್ಲಿ ಉಳಿದಿತ್ತು. ಬೇಸಿಗೆಯ ತಿರುಗಾಟಕ್ಕೆಂದು ಕೊಂಡ ಗಾಡಿ ಅದು. ವರ್ಷವಿಡೀ ತೆರೆದಿರುವ ಒಂದು ಟ್ರೇಲರ್ ಪಾರ್ಕಿನ ಇಪ್ಪತ್ತೇಳನೇ ನಂಬರಿನ ಜಾಗದಲ್ಲಿ ನಿಲ್ಲಿಸಿದ್ದರು. ಒಳಗಿನ ಹೀಟರು ನಡೆಯುವುದು ಮುಂಭಾಗದಲ್ಲಿ ಕಟ್ಟಿದ ಎರಡು ಪ್ರೊಪೇನ್ ಸಿಲಿಂಡರುಗಳಿಂದ. ಅಂದು ಮಧ್ಯಾಹ್ನ ಅವನು ಪಕ್ಕದ ಊರಾದ ಪ್ಲಿಮತ್‌ನ ಆಫೀಸಿನಲ್ಲಿದ್ದಾಗ ಯಾರೋ ಟ್ರೇಲರಿನ ಬಾಗಿಲು ಮುರಿದು, ಎರಡೂ ಸಿಲಿಂಡರು ಹೊತ್ತೊಯ್ದಿದ್ದರು. ಹೆಂಡತಿ ನೀಲಾಂಬಿಕಾ, ಐದು ವರ್ಷದ ಮಗಳು ಸುಚೇತಾ ಆಸ್ಪತ್ರೆಯಲ್ಲಿದ್ದರು.

ಅಮೆರಿಕದ ಠಾಣೆಯಲ್ಲಿ ಇದನ್ನು ಎಫ್‌ಐಆರ್ ಎನ್ನುವುದಿಲ್ಲ, ಪಂಚನಾಮೆ ಎಂದರಂತೂ ಯಾರಿಗೂ ತಿಳಿಯದು. ಓದುವವರು ನಾವಾದ್ದರಿಂದ ನಮ್ಮ ಹೆಸರಲ್ಲೇ ಕರೆಯೋಣ. ಕಾಗದ ಎಲ್ಲ ದೇಶದಲ್ಲೂ ಅಷ್ಟೇ ಉದ್ದ.

ಪ್ರಕರಣ ಡಿಟೆಕ್ಟಿವ್ ಜಾನ್ವಿ ರಮೇಶಳ ಪಾಲಿಗೆ ಬಂತು. ವಯಸ್ಸು ಮೂವತ್ತೊಂದು, ಹುಟ್ಟಿದ್ದು ಇಲ್ಲೇ ಹತ್ತಿರದ ಸೌತ್‌ಫೀಲ್ಡ್, ತಂದೆತಾಯಿ ಮೈಸೂರಿನವರು. ದೂರುದಾರ ಕನ್ನಡದವನೆಂದು ತಿಳಿದು ಅವಳು ಕನ್ನಡದಲ್ಲೇ ಕೇಳಿದಳು.

“ಆಂಬುಲೆನ್ಸ್ ಕರೆದಿದ್ದು ಯಾರು?”

“ಗೊತ್ತಿಲ್ರಿ. ಆ ಕಳ್ಳನ ಹೆದರಿ ಕರದಿರಬೇಕು.”

“ಕದ್ದವನು ಆಂಬುಲೆನ್ಸ್‌ಗೆ ಕಾಲ್ ಮಾಡ್ತಾನಾ?”

“ಅದನ್ನ ನೀವ ಹುಡುಕ್ರಿ. ಅದಕ್ಕ ಕಂಪ್ಲೇಂಟ್ ಕೊಡಾಕತ್ತೀನಿ.”

ತುರ್ತು ಕರೆ ದಾಖಲಾಗಿದ್ದು ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ, ಪಾರ್ಕಿನ ಕಚೇರಿಯ ಫೋನಿನಿಂದ. ಚಳಿಗಾಲದ ಮಧ್ಯಾಹ್ನ ಆ ಕಚೇರಿಯಲ್ಲಿ ಯಾರೂ ಇರುವುದಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಗಂಡಸಿನ ದನಿ ಇಂಗ್ಲಿಷಿನಲ್ಲಿ ನಾಲ್ಕೇ ಮಾತು ಆಡಿತ್ತು: ಇಪ್ಪತ್ತೇಳು, ಗ್ಯಾಸು, ತಾಯಿ ಮಗು, ಬೇಗ ಬನ್ನಿ. ಫೋನು ಕಟ್ಟಾಗಿತ್ತು.

ಆರು ಗಂಟೆಗೆ ಜಾನ್ವಿ, ಆಫೀಸರ್ ನೊವಾಕ್‌ನ ಜೊತೆ ಸ್ಥಳ ಪಂಚನಾಮೆ ಮಾಡಿದಳು. ಬಾಗಿಲನ್ನು ಚಪ್ಪಟೆ ಉಪಕರಣದಿಂದ ಮೀಟಿದ ಗುರುತಿತ್ತು. ಒಳಗೆ ಲ್ಯಾಪ್‌ಟಾಪು, ಪರ್ಸು, ಬಂಗಾರದ ಬಳೆ ಎಲ್ಲ ಇದ್ದಲ್ಲೇ ಇದ್ದವು. ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಚಳಿ ಬಾರದಂತೆ ಸಂದಿಗಳಿಗೆ ತುರುಕಿದ್ದ ಟವೆಲ್ಲು, ಹಳೆ ಸೀರೆಯ ಚೂರುಗಳನ್ನು ಯಾರೋ ಕಿತ್ತು ನೆಲಕ್ಕೆ ಬಿಸಾಡಿದ್ದರು. ಸ್ಟವ್ವಿನ ಮೇಲೆ ಪಾತ್ರೆ ಇರಲಿಲ್ಲ, ಹಿಂದಿನ ಗೋಡೆಗೆ ಮಾತ್ರ ಮಸಿ ಹತ್ತಿತ್ತು. ಹೊರಗೆ, ಸಿಲಿಂಡರು ಇರಬೇಕಾದ ಜಾಗದ ಪಕ್ಕದ ಹಿಮದಲ್ಲಿ ಉದ್ದನೆಯ ಒಂದು ಕುಳಿ. ಮಗುವನ್ನು ಮಲಗಿಸಿ ಎತ್ತಿಕೊಂಡ ಹಾಸಿಗೆಯ ಹಾಗಿತ್ತು. ಅದರ ತಳ ಗಾಜಿನಂತೆ ಗಟ್ಟಿ ಮಂಜುಗಡ್ಡೆ.

“ಇಲ್ಲಿ ಬಿಸಿನೀರು ಸುರಿದಿದ್ದಾರೆ,” ಎಂದ ನೊವಾಕ್. ಇಪ್ಪತ್ತು ಚಳಿಗಾಲ ಕಂಡ ಪೊಲೀಸ್ ಅವನು. ಅವನಿಲ್ಲದಿದ್ದರೆ ಆ ಕುಳಿಯನ್ನು ತಾನು ತುಳಿದೇ ಹೋಗುತ್ತಿದ್ದೆ ಎಂದು ಜಾನ್ವಿ ಆಮೇಲೆ ಎಲ್ಲರೆದುರೂ ಹೇಳಿದಳು.

ಮೆಟ್ಟಿಲ ಬಳಿ ಒಂದು ಕಾಗದದ ಪೊಟ್ಟಣ ಬಿದ್ದಿತ್ತು. ಬಿಚ್ಚಿದರೆ ಬಿಳಿಯ ಕಾಳುಗಳು, ಮೈತುಂಬ ಸಣ್ಣ ಸಣ್ಣ ಮುಳ್ಳು. ನೊವಾಕ್ ಗಂಭೀರನಾಗಿ ಕೈಗೆ ರಬ್ಬರ್ ಗವಸು ಹಾಕಿ, ಮಾದಕವಸ್ತು ಪರೀಕ್ಷೆಯ ಕಿಟ್ ತೆಗೆದ. ಬಣ್ಣ ಬದಲಾಗಲಿಲ್ಲ. ಆದರೂ ಸೀಲು ಹಾಕಿ ಬರೆದ: ಬಿಳಿ ಮುಳ್ಳಿನ ಕಾಳು, ನಲವತ್ತು ಗ್ರಾಂ, ಸ್ವರೂಪ ತಿಳಿಯದು.

ಏಳೂವರೆಗೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಚಿಕ್ಕ ಮಾತು. ಇಬ್ಬರ ರಕ್ತದಲ್ಲೂ ಕಾರ್ಬನ್ ಮಾನಾಕ್ಸೈಡ್ ಸೇರಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಈ ಮಾತು ಬೇರೆ ಇರುತ್ತಿತ್ತು.

“ಸ್ಟವ್ ಹಚ್ಚಿದ್ದು ಯಾರು?” ಜಾನ್ವಿ ನೀಲಾಂಬಿಕಾಳನ್ನು ಕೇಳಿದಳು.

“ನಾನ ರೀ. ಹೀಟರ್ ನಿಂತಬಿಟ್ಟಿತ್ತು. ಕೂಸಿಗೆ ಚಳಿ ಆಗಬಾರದಂತ ಹಚ್ಚಿ, ಹಂಗ ಕಣ್ಣ ಮುಚ್ಚಿದೆ.”

“ಸಿಲಿಂಡರ್ ಮುಟ್ಟಿದ್ರಾ?”

ನೀಲಾಂಬಿಕಾ ಗಂಡನ ಮುಖ ನೋಡಿದಳು. “ಇಲ್ರಿ.”

“ಯಾರಾದ್ರೂ ಒಳಗೆ ಬಂದಿದ್ದು ನೆನಪಿದೆಯಾ?”

“ಇಲ್ರಿ.”

ಪಕ್ಕದ ಮಂಚದಿಂದ ಸುಚೇತಾ ಆಕ್ಸಿಜನ್ ಮಾಸ್ಕು ಸರಿಸಿ ಹೇಳಿದಳು: “ಎ ಮ್ಯಾನ್ ಕೇಮ್. ಹಿ ಸೆಡ್ ಏಳವ್ವಾ, ಏಳವ್ವಾ. ಹಿ ವಾಸ್ ಕ್ರೈಯಿಂಗ್.”

ನೀಲಾಂಬಿಕಾ ಮಗಳ ಕೈ ಒತ್ತಿದಳು. ಜಾನ್ವಿ ಆ ಒತ್ತಿದ ಕೈಯನ್ನು ನೋಡಿ, ನೋಟ್‌ಬುಕ್ ಮುಚ್ಚಿದಳು. ಕಳ್ಳನಿಗೆ ಕನ್ನಡ ಬರುತ್ತಿತ್ತು.

ಗುರುವಾರ ಬೆಳಿಗ್ಗೆ ತಾಯಿ ಭಾನುವಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಜಾನ್ವಿ ಫೋನಿನಲ್ಲಿದ್ದ ಪೊಟ್ಟಣದ ಚಿತ್ರ ತೋರಿಸಿದಳು.

“ಅಮ್ಮಾ, ವಾಟ್ ಈಸ್ ದಿಸ್?”

“ಅಯ್ಯೋ, ಕುಸುರೆಳ್ಳು ಕಣೇ! ನಾವು ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರ್ತೀವಲ್ಲ, ಹುಬ್ಬಳ್ಳಿ ಗದಗ ಕಡೆಯವರು ಇದನ್ನ ಕೊಡ್ತಾರೆ. ಎಳ್ಳಿನ ಮೇಲೆ ಸಕ್ಕರೆ ಪಾಕ ಹನಿ ಹನಿ ಹಾಕಿ, ಬಿಸಿ ತಟ್ಟೇಲಿ ಬರೀ ಬೆರಳಲ್ಲಿ ಆಡಿಸ್ತಾನೇ ಇರ್ಬೇಕು. ಎರಡು ದಿನದ ಕೆಲಸ. ಎಲ್ಲಿತ್ತು ಇದು?”

“ಕ್ರೈಮ್ ಸೀನ್‌ನಲ್ಲಿ. ನೊವಾಕ್ ಡ್ರಗ್ ಟೆಸ್ಟ್ ಮಾಡ್ದ.”

ಭಾನು ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. ಆಮೇಲೆ ಬಟ್ಟೆಯಿಂದ ಒರೆಸುತ್ತ ಹೇಳಿದಳು: “ಕದಿಯೋಕೆ ಬಂದೋನು ಕುಸುರೆಳ್ಳು ತರ್ತಾನೇನೇ? ಹಬ್ಬದ ದಿನ ಯಾರೋ ಕೊಡೋಕೆ ಬಂದಿದ್ದಾರೆ.”

ಪೊಲೀಸ್ ತರಬೇತಿಯಲ್ಲಿ ಕಲಿಸದ್ದನ್ನು ತಾಯಿ ಒಂದು ಲೋಟ ಕಾಫಿಗೆ ಕಲಿಸಿದಳು. ಜಾನ್ವಿ ಹೋಗುವಾಗ ತಾಯಿಯ ಕೆನ್ನೆಗೆ ಮುತ್ತಿಟ್ಟು ಹೋದಳು.

ಪಾರ್ಕಿನ ಮ್ಯಾನೇಜರು ಹೇಳಿಕೆ ಕೊಟ್ಟ. ಚಳಿಗಾಲಕ್ಕೆ ಉಳಿದಿರುವುದು ಹದಿನಾಲ್ಕು ಟ್ರೇಲರು, ಭಾರತದವರು ಇಪ್ಪತ್ತೇಳರವರು ಮಾತ್ರ. ಹಾಂ, ಪ್ರೊಪೇನ್ ತುಂಬುವ ಶೆಡ್ಡಿನಲ್ಲಿ ಡ್ಯಾನ್ ಇದ್ದಾನೆ, ಅವನೂ ಭಾರತದವನೇ, ಗುರುವಾರ ಅವನಿಗೆ ರಜೆ. ಮ್ಯಾನೇಜರು ಡ್ಯಾನ್ ಎಂದದ್ದು ಗದಗಿನ ದಾನಪ್ಪನನ್ನು.

ಜನವರಿ ಹದಿನಾರು, ಶುಕ್ರವಾರ, ಹತ್ತು ಇಪ್ಪತ್ತಕ್ಕೆ ಜಾನ್ವಿ ಮತ್ತು ನೊವಾಕ್ ಶೆಡ್ಡಿಗೆ ಹೋದರು. ಐವತ್ತೆಂಟರ ದಾನಪ್ಪ ಯಾರದೋ ಸಿಲಿಂಡರಿನ ವಾಲ್ವಿಗೆ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ. ಹಿಂದೆ ಟಾರ್ಪಾಲಿನ ಕೆಳಗೆ ಎರಡು ಸಿಲಿಂಡರು, ಶಾಲೆಯ ಮಕ್ಕಳಂತೆ ನೆಟ್ಟಗೆ ನಿಂತಿದ್ದವು.

“ಅಂಕಲ್, ಇವೆರಡು ಯಾರದ್ದು?”

ಕನ್ನಡ ಕೇಳಿ ದಾನಪ್ಪನ ಕೈಯಿಂದ ಬ್ರಶ್ಶು ಬಿತ್ತು. “ಇಪ್ಪತ್ತೇಳರಾವರದವ್ವಾ.”

“ಬಾಗಿಲು ಮುರಿದಿದ್ದು?”

“ನಾನ. ಈ ಪಾನಾದಿಂದ.”

“ಯಾಕೆ?”

ಅವನು ಸ್ಟೂಲಿನ ಮೇಲೆ ಕೂತ. ಗದಗಿನ ಗ್ಯಾಸ್ ಏಜೆನ್ಸಿಯಲ್ಲಿ ಇಪ್ಪತ್ತೆರಡು ವರ್ಷ ಮನೆಮನೆಗೆ ಸಿಲಿಂಡರು ಹೊತ್ತವನು ಅವನು. ಅಣ್ಣನ ಅರ್ಜಿಯ ಮೇಲೆ ಇಲ್ಲಿಗೆ ಬಂದು ಐದೂವರೆ ವರ್ಷವಾಗಿತ್ತು. ಒಂಬತ್ತನೇ ತಾರೀಕು ನೀಲಾಂಬಿಕಾ ಗ್ಯಾಸ್ ತುಂಬಿಸಲು ಬಂದಿದ್ದಳು. ಮನೆಯಾಚೆ ವರ್ಷಕ್ಕೊಮ್ಮೆ ಸಿಗುವ ಊರಿನ ಮಾತು ಸಿಕ್ಕ ಖುಷಿಗೆ ದಾನಪ್ಪ ಹಳೆಯ ಕತೆಗಳನ್ನೆಲ್ಲ ಹೇಳಿದ್ದ.

“ಊರಾಗ ಗ್ಯಾಸ್ ಮುಗ್ಯಾಕ ಬಂತಂದ್ರ, ಸಿಲಿಂಡರ್ ಅಡ್ಡ ಮಲಗಿಸಿ, ಬಿಸಿನೀರ ಹಾಕಿ, ಇನ್ನೆರಡ ದಿನ ಅಡಿಗಿ ಮಾಡ್ತಿದ್ರು ಅಂತ ಹೇಳಿದ್ನವ್ವಾ. ನಗೂ ಸಲುವಾಗಿ ಹೇಳಿದ್ದು. ಇಪ್ಪತ್ತೆರಡ ವರ್ಷ ಎಲ್ಲಾರಿಗೂ ಹಂಗ ಮಾಡಬ್ಯಾಡ್ರಿ ಅಂತ ಬೈದಾಂವ ನಾ. ಈಕಿ ಒಬ್ಬಾಕಿಗೆ ಬ್ಯಾಡ ಅನ್ನೂದ ಮರತೆ.”

“ಮಲಗಿಸಿದ್ರೆ ಏನಾಗುತ್ತೆ?”

“ಸಿಲಿಂಡರಿನ ಒಳಗ ಕೆಳಗ ದ್ರವ ಇರತೈತಿ, ಮ್ಯಾಲೆ ಗ್ಯಾಸ್. ನೆಟ್ಟಗ ನಿಂತ್ರ ಗ್ಯಾಸ್ ಅಷ್ಟ ಹೊರಗ ಬರತೈತಿ. ಮಲಗಿಸಿದ್ರ ದ್ರವಾನ ಪೈಪಿಗೆ ನುಗ್ಗತೈತಿ. ಒಲಿ ಹಳದಿ ಉರಿ ಉರೀತೈತಿ, ಮಸಿ ಬರತೈತಿ. ಒಳಗ ಸಂದಿಸಂದಿ ಮುಚ್ಚ್ಯಾರ. ಉಸಿರಾಡಾಕ ಏನ ಉಳೀತು?”

ಬುಧವಾರ ಅವನು ಹೆಂಡತಿ ರುದ್ರಮ್ಮ ಮಾಡಿದ ಕುಸುರೆಳ್ಳು ಹಿಡಿದು, ಊರ ಕಡೆಯ ಹೆಣ್ಣುಮಗಳೆಂದು ಕೊಡಲು ಹೋಗಿದ್ದ. ಹಿಮದ ಮೇಲೆ ಸಿಲಿಂಡರು ಮಲಗಿತ್ತು, ಸುತ್ತ ಕಂಬಳಿ ಹೊದಿಸಿತ್ತು, ಪೈಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ವಾಲ್ವ್ ತಿರುಗಿಸಿ ಮುಚ್ಚಿ, ಬಾಗಿಲು ಬಡಿದ. ಯಾರೂ ತೆರೆಯಲಿಲ್ಲ. ಮುರಿದ. ಕಿಟಕಿ ತೆಗೆದು, ಬಟ್ಟೆ ಕಿತ್ತು, ಇಬ್ಬರನ್ನೂ ಬಾಗಿಲ ಗಾಳಿಗೆ ಎಳೆದು, ಕಚೇರಿಗೆ ಓಡಿ ಫೋನು ಮಾಡಿದ. ಮತ್ತೆ ಬಂದು ಆಂಬುಲೆನ್ಸಿನ ಸದ್ದು ಕೇಳುವವರೆಗೆ ಅವರ ಕೈಕಾಲು ತಿಕ್ಕುತ್ತ ಕೂತ.

“ಸಿಲಿಂಡರ್ ಯಾಕೆ ತಂದ್ರಿ?”

ದಾನಪ್ಪ ಬಿದ್ದ ಬ್ರಶ್ಶನ್ನು ಎತ್ತಿ ಸೋಪಿನ ನೀರಿನ ಡಬ್ಬಿಯಲ್ಲಿಟ್ಟ.

“ಹೆದರಿಕಿ. ಮಲಗಿಸಿದ್ದು ಕಂಡ್ರ ಯಾರ ಹೇಳಿಕೊಟ್ರು ಅಂತ ಕೇಳ್ತಾರ. ಬರೂ ಗುರುವಾರ ಡೆಟ್ರಾಯಿಟಿನಾಗ ನನ್ನ ಸಿಟಿಜನ್‌ಶಿಪ್ ಇಂಟರ್ವ್ಯೂ. ನನ್ನ ಅರ್ಜಿ ಸರದಿ ಬರೂದ್ರಾಗ ಮಗ ಸುಶಾಂತನ ವಯಸ್ಸು ಇಪ್ಪತ್ತೊಂದ ಮೀರಿ ಅಂವ ಊರಾಗ ಉಳದ. ನಾ ಇಲ್ಲಿಯಾಂವ ಆದ್ರ ಅಂವನ ಅರ್ಜಿ ಲಗೂನ ಸರೀತೈತಿ ಅಂತಾರ. ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ಒಂದ ಇಲ್ಲದಿದ್ರ ಸಂಶಯ ಬರತೈತಂತ, ಆಂಬುಲೆನ್ಸ್ ಮುಟ್ಟೂದ್ರಾಗ ಎರಡೂ ಬಿಚ್ಚಿ ತಂದ ಬಚ್ಚಿಟ್ಟೆ.”

ಜಾನ್ವಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಅವನ ಕೈ ಹಿಡಿದು ಹೋಗಿ ಬನ್ನಿ ಎನ್ನುವ ಆಸೆ. ಆದರೆ ದೂರು ನಿಂತಿತ್ತು, ಬಾಗಿಲು ಮುರಿದಿತ್ತು, ಸಾಕ್ಷ್ಯ ಅಡಗಿಸಿದ್ದನ್ನು ಅವನೇ ಒಪ್ಪಿದ್ದ. ತನಗೆ ಬೇಕಾದವರಿಗೊಂದು ಕಾನೂನು ಮಾಡಿಕೊಂಡರೆ ಬ್ಯಾಡ್ಜ್ ಯಾಕೆ? ಹನ್ನೊಂದು ಐದಕ್ಕೆ ಬಂಧನ ದಾಖಲಾಯಿತು. ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿ, ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು.

“ಸುಮ್ನೆ ಇರೋ ಹಕ್ಕು ನಿಮಗಿದೆ ಅಂಕಲ್.”

“ಎರಡ ದಿನ ಸುಮ್ನ ಇದ್ನಲ್ಲವ್ವಾ. ಸಾಕಾಗೇತಿ.”

ನೊವಾಕ್ ಕೈಕೋಳ ಹಾಕಲಿಲ್ಲ. ಟಾರ್ಪಾಲು ಸರಿಸಿ ಸಿಲಿಂಡರು ಜಪ್ತಿ ಮಾಡುವಾಗ ಎರಡರ ವಾಲ್ವನ್ನೂ ತಾನೇ ತಿರುಗಿಸಿ ನೋಡಿ, ಪಂಚನಾಮೆಗೆ ಒಂದು ಸಾಲು ಸೇರಿಸಿದ.

ಮಧ್ಯಾಹ್ನ ಒಂದಕ್ಕೆ ಕಲ್ಮೇಶ್ ಸಂಸಾರಸಮೇತ ಠಾಣೆಗೆ ಬಂದ. ಕಳ್ಳ ಯಾರು ಎಂದು ಕೇಳಿದ. ಜಾನ್ವಿ ಕೋಣೆಯ ಬಾಗಿಲು ತೆರೆದು ತೋರಿಸಿದಳು. ನೀಲಾಂಬಿಕಾ ಬಾಗಿಲಲ್ಲೇ ಅತ್ತುಬಿಟ್ಟಳು.

“ಕಾಕಾರ, ಏಳವ್ವಾ ಏಳವ್ವಾ ಅಂದಾವ್ರು ನೀವಂತ ನನಗ ಗೊತ್ತಿತ್ರಿ. ನಿಮ್ಮ ಹೆಸರು ಹೊರಗ ಬರಬಾರದಂತ ಬಾಯಿ ಮುಚ್ಚಿದೆ.” ಗಂಡನತ್ತ ತಿರುಗಿದಳು. “ಸಿಲಿಂಡರ್ ಮಲಗಿಸಿದಾಕಿ ನಾನು. ನಿಮಗ ಫೋನ್ ಮಾಡಿದ್ರ ಮೀಟಿಂಗ್‌ನಾಗ ಅದೀನಿ ಅಂತಿದ್ರಿ. ಇವ್ರು ಬರದಿದ್ರ ನಾನೂ ಇಲ್ಲ, ಸುಚೇತಾನೂ ಇಲ್ಲ.”

ಪರಿಣತರ ಸಭೆಗಳಲ್ಲಿ ನಿಂತು ಮಾತಾಡುವ ಕಲ್ಮೇಶ್, ಗೋಡೆ ಹಿಡಿದು ಕೂತ. ಕೊನೆಗೆ ಜಾನ್ವಿಯನ್ನು ಕೇಳಿದ: “ಇವ್ರನ್ನ ಕೊಲೆಗಾರ ಅಂತ ಬರಸೀನ್ರಿ. ಅದನ್ನ ಹರದ ಹಾಕಾಕ ಬರತೈತೇನ್ರಿ?”

“ಬರೆದಿದ್ದು ಬರೆದಿದ್ದೇ. ಹೊಸ ಸ್ಟೇಟ್‌ಮೆಂಟ್ ಕೊಡಿ.”

ಅವನು ಮೂರು ಪುಟ ಬರೆದ. ಮೂರನೇ ಪುಟದಲ್ಲಿ ಕಾನೂನಿಗೆ ಬೇಕಾದದ್ದು ಏನೂ ಇರಲಿಲ್ಲ, ಬರೀ ಉಪಕಾರ ಸ್ಮರಣೆ. ಸಂಜೆ ನಾಲ್ಕಕ್ಕೆ ಸರ್ಕಾರಿ ವಕೀಲರು ಆರೋಪ ಹೊರಿಸುವುದಿಲ್ಲ ಎಂದು ತಿಳಿಸಿದರು.

ಬಿಡುಗಡೆಯ ಮೊದಲು ದಾನಪ್ಪನಿಗೆ ಅವನ ವಸ್ತು ಹಿಂದಿರುಗಿಸಬೇಕಿತ್ತು. ಬಿಳಿ ಮುಳ್ಳಿನ ಕಾಳು, ನಲವತ್ತು ಗ್ರಾಂ. ಸಹಿ ಹಾಕಿಸಿಕೊಳ್ಳುವಾಗ ನೊವಾಕ್‌ನ ಕಿವಿ ಕೆಂಪಾಗಿದ್ದವು. ದಾನಪ್ಪ ಅಲ್ಲೇ ಸೀಲು ಹರಿದ. “ರಥಸಪ್ತಮಿ ತನಕ ಕೊಡಬಹುದು,” ಎಂದು ಮೊದಲು ಸುಚೇತಾಳ ಅಂಗೈಗೆ, ಆಮೇಲೆ ಒಬ್ಬೊಬ್ಬರಿಗೂ ಹಾಕುತ್ತ ಬಂದ. ಕಲ್ಮೇಶ್ ಎರಡೂ ಕೈ ಒಡ್ಡಿ ತೆಗೆದುಕೊಂಡ.

“ಇಟ್ಸ್ ಸ್ಪೈಕಿ,” ಎಂದಳು ಸುಚೇತಾ, ಮತ್ತೆ ಕೈ ಚಾಚಿದಳು.

ಆರೋಪ ಇಲ್ಲದಿದ್ದರೂ ಬಂಧನ ಬಂಧನವೇ. ಗುರುವಾರದ ಇಂಟರ್ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ, ಒಂದಕ್ಷರವನ್ನೂ ಮುಚ್ಚಿಡಬೇಡಿ ಎಂದು ಜಾನ್ವಿ ಹೇಳಿ ಕಳಿಸಿದಳು. ಅಂತಿಮ ವರದಿಯಲ್ಲಿ ಪ್ರೇರಣೆ ಎಂಬ ಜಾಗ ಇತ್ತು. ತಾನಾಡಿದ ಮಾತಿನ ಭಯ, ಎಂದು ತುಂಬಿದಳು. ಅವನನ್ನು ಬಾಗಿಲು ಮುರಿಯಲು ಓಡಿಸಿದ್ದೂ ಅದೇ, ಸಿಲಿಂಡರು ಬಚ್ಚಿಡಿಸಿದ್ದೂ ಅದೇ.

ಇಪ್ಪತ್ತೆರಡನೇ ತಾರೀಕು ಕಲ್ಮೇಶ್ ರಜೆ ಹಾಕಿ ದಾನಪ್ಪನನ್ನು ಡೆಟ್ರಾಯಿಟಿಗೆ ತಾನೇ ಡ್ರೈವ್ ಮಾಡಿಕೊಂಡು ಹೋದ. ಮಧ್ಯಾಹ್ನ ಜಾನ್ವಿಯ ಫೋನು ಬಡಿಯಿತು.

“ಕೇಳಿದ್ರವ್ವಾ. ಯಾವಾಗರ ಅರೆಸ್ಟ್ ಆಗೀಯೇನು ಅಂತ.”

“ಏನಂದ್ರಿ ಅಂಕಲ್?”

“ಹೌದ್ರಿ, ಜನವರಿ ಹದಿನಾರಕ್ಕ, ನಮ್ಮ ಹುಡುಗಿನ ನನ್ನನ್ನ ಹಿಡಿದಾಳ ಅಂದೆ. ಕಲ್ಮೇಶಪ್ಪನ ಪತ್ರ ಕೊಟ್ಟೆ, ನಿಮ್ಮ ಪಂಚನಾಮೆ ಕೊಟ್ಟೆ. ಆ ಅಧಿಕಾರಿ ಒಂದ ಸಾಲಿನ ಮ್ಯಾಲ ಬೆರಳಿಟ್ಟು ಭಾಳೊತ್ತು ಕುಂತಿದ್ಳು. ಫಲಿತಾಂಶ ಪೋಸ್ಟಿನಾಗ ಬರತೈತಂತ.”

“ಯಾವ ಸಾಲು?”

“ನೊವಾಕ್ ಸಾಹೇಬ್ರು ಬರದದ್ದು. ಎರಡೂ ಸಿಲಿಂಡರು ನೆಟ್ಟಗೆ ನಿಂತಿದ್ವು, ಎರಡೂ ವಾಲ್ವ್ ಭದ್ರವಾಗಿ ಮುಚ್ಚಿದ್ವು ಅಂತ. ಇಪ್ಪತ್ತೆರಡ ವರ್ಷ ಮನಿಮನಿಗೆ ಹೊತ್ತೆ. ನನ್ನ ಕೆಲಸಾನ ಯಾರೂ ಹಿಂಗ ಬರದ ಕೊಟ್ಟಿದ್ದಿಲ್ಲವ್ವಾ.”