ಬಿಳಿ ಸೀರೆಯ ಕಪ್ಪು ಚುಕ್ಕೆ

ಕತ್ತರಿಯ ತುದಿ ನನ್ನ ಗಂಟಲಿಗೆ ತಾಗಿತ್ತು...

ನೂಲು ಕತ್ತರಿಸುವ ಪುಟ್ಟ ಕತ್ತರಿ. ಆದರೂ ಗಂಟಲು ನನ್ನದಲ್ಲವೇ?

ಹಿಡಿದಿದ್ದವನು ನೇಕಾರ ದೊಡ್ಡವೆಂಕಟಪ್ಪ. ವಯಸ್ಸು ಐವತ್ತೆಂಟು. ದೊಡ್ಡಬಳ್ಳಾಪುರದ ಸಂದಿಗೊಂದಿಯಲ್ಲೆಲ್ಲ ಅವನನ್ನು ಅಟ್ಟಿಸಿಕೊಂಡು ಬಂದಿದ್ದೆ. ಓಡಿದವನು ಅವನು, ಏದುಸಿರು ನನಗೆ.

"ಯಾಕಪ್ಪಾ ನನ್ನ ಹಿಂದೆ ಬಿದ್ದಿದೀಯ?"

"ಕತ್ತರಿ ಇಳ್ಸಿ ಯಜಮಾನ್ರೇ. ಹೇಳ್ತೀನಿ."

ಹೇಳಿದೆ. ನಾನು ಪತ್ತೇದಾರ. ಕರೆಸಿದ್ದು ಇವನ ಸಾಹುಕಾರ ಅಪ್ಪಯ್ಯಣ್ಣ. ಆ ವರ್ಷ ನೂಲಿನ ರೇಟು ಏರಿ, ಸೀರೆ ಕೇಳುವವರಿಲ್ಲದೆ ಅರ್ಧದಷ್ಟು ಮಗ್ಗಗಳು ನಿಂತಿದ್ದವು. "ವಯಸ್ಸಾದವರು ಮೊದಲು ಮನೆಗೆ" ಎಂದು ಸಾಹುಕಾರನ ಆರ್ಡರ್. ಅಂದಿನಿಂದ ಬಿಳಿ ಸೀರೆಗಳ ಮೇಲೆಲ್ಲ ಕಪ್ಪು ಚುಕ್ಕೆ! ಯಾರೋ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದು ಅವನಿಗೆ ಅನುಮಾನ. ಶೆಡ್ಡಿನಲ್ಲಿ ಉಳಿದಿದ್ದ ಹಿರಿಯ ದೊಡ್ಡವೆಂಕಟಪ್ಪ ಒಬ್ಬನೇ. ಶನಿವಾರ ಮನೆಗೆ ಹೋಗುವ ಸರದಿ ಅವನದು. ಸಿಕ್ಕಿಬಿದ್ದರೆ ಕೆಲಸದ ಜೊತೆ ಮಾನವೂ ಹೋಗುತ್ತಿತ್ತು.

ಚುಕ್ಕೆಯನ್ನು ನಾನು ಮೂಸಿ ನೋಡಿದ್ದೆ. ಅದು ಕೂದಲಿನ ಡೈ.

"ವಯಸ್ಸು ಮುಚ್ಚೋಕೆ ಡೈ ಹಾಕ್ಕೊಂಡ್ರಿ. ಬೆವರಿಗೆ ಇಳೀತು. ಹೌದಾ?"

ಅವನು ತಲೆಯ ಟವೆಲ್ ಬಿಚ್ಚಿದ. ಬೋಳು ತಲೆ ಬಿಸಿಲಿಗೆ ಫಳಫಳ ಹೊಳೆಯಿತು.

"ಎಲ್ಲಿಗೆ ಹಾಕ್ಕೊಳ್ಳಲಿ ಗುರು?"

ನನ್ನ ಕೇಸು ಅಲ್ಲೇ ಮಕಾಡೆ ಮಲಗಿತು.

"ಮತ್ಯಾಕೆ ಓಡಿದ್ರಿ?"

"ಲೆಕ್ಕ ಚುಕ್ತಾ ಮಾಡೋಕೆ ಬಂದವನು ಅಂದ್ಕೊಂಡೆ. ಮಗ್ಗ ಬಿಟ್ರೆ ನಂಗೇನೂ ಬರಲ್ಲ ಕಣಪ್ಪಾ. ಈ ವಯಸ್ಸಲ್ಲಿ ಇನ್ಯಾರು ಕರೀತಾರೆ?"

ಅವನು ಕತ್ತರಿ ಇಳಿಸಿ ಜೇಬಿಗೆ ಹಾಕಿಕೊಂಡ. ನನಗೆ ನಿಜಕ್ಕೂ ಸಂಕಟವಾಯಿತು.

"ನೇಯ್ದಿದ್ನ ಚೆಕ್ ಮಾಡೋರು ಯಾರು?"

"ಸಾಹುಕಾರ್ರೇ. ಹಾಸ್ಕೊಂಡು, ಮೂಗು ತಾಗೋ ಹಂಗೆ ಬಗ್ಗಿ ನೋಡ್ತಾರೆ."

ಸೀದಾ ಶೆಡ್ಡಿಗೆ ನುಗ್ಗಿದೆ. ತಗಡಿನ ಸೂರಿನ ಕೆಳಗೆ ಅಪ್ಪಯ್ಯಣ್ಣ ಸೀರೆಯ ಮೇಲೆ ಬಗ್ಗಿದ್ದ. ಕಾಡಿಗೆಯಂಥ ಕೂದಲು. ಕೆನ್ನೆಯಿಂದ ಒಂದು ಕಪ್ಪು ಹನಿ ಜಾರಿತು...

ಟಪ್.

"ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ. ತಮ್ಮ ವಯಸ್ಸೆಷ್ಟು ಸಾಹುಕಾರ್ರೇ?"

ಅವನು ಕೆನ್ನೆ ಒರೆಸಿಕೊಂಡು ಬೆರಳು ನೋಡಿದ. ಮುಖದ ಬಣ್ಣವೂ ಇಳಿಯಿತು.

"...ಅರವತ್ತು. ಮುದುಕ ಅಂತ ಗೊತ್ತಾದ್ರೆ ಪೇಟೇಲಿ ಯಾರಪ್ಪಾ ಆರ್ಡರ್ ಕೊಡ್ತಾರೆ?"

"ನಿಮ್ಮ ರೂಲ್ ಪ್ರಕಾರ ಶನಿವಾರ ದೊಡ್ಡವೆಂಕಟಪ್ಪನ ಜೊತೆ ನೀವೂ ಮನೆಗೆ. ಇಲ್ಲಾಂದ್ರೆ ಇಬ್ರೂ ಇರಿ."

ಅಪ್ಪಯ್ಯಣ್ಣ ಚುಕ್ಕೆ ಬಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟ.

"ಅವನಿರ್ಲಿ. ಮನೆಗೆ ಕಳ್ಸಿದವ್ರಿಗೂ ಸರದಿ ಮೇಲೆ ಕೆಲಸ ಕೊಡ್ತೀನಿ. ಇದನ್ನ ಮಾತ್ರ ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ ಸಾಹುಕಾರ್ರೇ? ಸೀರೆ ಉಟ್ಟವರಿಗೆಲ್ಲ ನೀವೇ ಹೇಳ್ಕೊಂಡು ಬಂದಿದೀರಲ್ಲ."