ಹ್ಯಾಗರ್ಟಿಯ ನಾಲ್ಕು ನಿಮಿಷ

ಬುಧವಾರ ಬೆಳಗ್ಗೆ ಐದು ನಲವತ್ತಕ್ಕೆ ನನ್ನ ಮೇಜಿನ ಹನ್ನೆರಡು ಫೋನ್ ಲೈನುಗಳೂ ಒಟ್ಟಿಗೆ ಮಿನುಗತೊಡಗಿದವು.

ಕಾರ್ಯಕ್ರಮಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಷ್ಟು ಬೇಗ ಯಾರೂ ಕರೆ ಮಾಡುವುದಿಲ್ಲ. ಮೊದಲನೆಯದನ್ನು ಎತ್ತಿದೆ.

"ಡೆನ್ನಿ ಬಂದ್ನಾ?" ಯಾರೋ ಟ್ರಕ್ ಚಾಲಕ. "ಬಂದಿಲ್ವಾ? ಹಾಗಾದ್ರೆ ಕಾರಲ್ಲಿ ರೇಡಿಯೊ ಹಾಕ್ಬೇಡ ಅಂತ ಹೇಳಮ್ಮ ಅವ್ನಿಗೆ. ದೇವ್ರಾಣೆ, ಹಾಕ್ಬೇಡ ಅನ್ನು."

"ಯಾಕೆ? ಏನಾಯ್ತು?"

"ಎಫ್ಎಂನಲ್ಲಿ ಆ ಇಬ್ರು ಕೋಡಂಗಿಗಳು ನಿಮ್ಮ ಹ್ಯಾಗರ್ಟಿ ಮಾತನ್ನ ಹಾಕ್ತಿದಾರೆ. ಡೆನ್ನಿ ವಿಷಯ. ಛೀ, ಅಣ್ಣತಮ್ಮಂದಿರ ಹಾಗಿದ್ದೋರು ಹೀಗೂ ಮಾತಾಡ್ತಾರಾ?"

ನಾನು ಆ ಸ್ಟೇಷನ್ನಿಗೆ ತಿರುಗಿಸಿದೆ. ನಮ್ಮ ಕಾರ್ಯಕ್ರಮ ನಡೆಸುವ ರಸ್ ಹ್ಯಾಗರ್ಟಿಯ ದನಿಯೇ, ಅವನ ಜೊತೆ ಮೈಕಿಗೆ ಕೂರುವ ಡೆನ್ನಿಯ ಬಗ್ಗೆ. ಸಂಶಯವಿಲ್ಲ.

"ಡೆನ್ನಿ ಜೋಕಿಗೆ ನಾನು ಯಾಕೆ ನಗ್ತೀನಿ ಗೊತ್ತಾ? ನಗದಿದ್ರೆ ಮತ್ತೆ ಬಾಟ್ಲಿ ಹಿಡೀತಾನೆ ಅಂತ ಭಯ. ಹೆಂಡ್ತಿ ಬಿಟ್ಟು ಹೋದಾಗ ನನ್ನ ಅಡುಗೆಮನೆ ನೆಲದ ಮೇಲೆ ಕೂತು ಮಗು ಹಾಗೆ ಅತ್ತ. ಮೂಗೊರೆಸಿದ್ದು ನಾನು. ನಾನು ನಡೆಸ್ತಿರೋದು ರೇಡಿಯೊ ಕಾರ್ಯಕ್ರಮ ಅಲ್ಲ, ಡೆನ್ನಿ ಕಾರ್ಬೋನನ ಅನಾಥಾಶ್ರಮ!"

ಹೀಗೇ ನಾಲ್ಕು ನಿಮಿಷ. ಸೋಮವಾರ ಕಾರ್ಯಕ್ರಮ ಕೆಟ್ಟುಹೋದ ಸಿಟ್ಟಿನಲ್ಲಿ ಹ್ಯಾಗರ್ಟಿ ಬರಹಗಾರರ ಕೋಣೆಯಲ್ಲಿ ಆಡಿದ ಮಾತು ಅದು. ಆಗ ಅಲ್ಲಿದ್ದವರು ಮೂವರೇ: ಹಾಸ್ಯಗಾತಿ ಟೆಸ್ಸಾ ಡಿಲ್ಲಾರ್ಡ್, ಧ್ವನಿಯ ಕೆಲಸದ ವಾಲ್ಟ್ ಸೆಮಾಂಕೊ, ಫೋನ್ ಎತ್ತುವ ನಾನು. ಡೆನ್ನಿ ಅದಾಗಲೇ ಮನೆಗೆ ಹೊರಟಿದ್ದ. ಒಂದು ಒಳ್ಳೆಯ ಜೋಕೂ ಕಳೆದುಹೋಗಬಾರದೆಂದು ಆ ಕೋಣೆಯ ಪ್ರತಿ ಮಾತನ್ನೂ ಧ್ವನಿಮುದ್ರಿಸಿ ಇಡಬೇಕೆಂದು ಹ್ಯಾಗರ್ಟಿಯೇ ಅಪ್ಪಣೆ ಮಾಡಿದ್ದ. ಅಲ್ಲಿಂದ ಯಾರೋ ಕದ್ದಿದ್ದರು.

ಆರೂ ಹತ್ತಕ್ಕೆ ಡೆನ್ನಿ ಬಂದ. ಕೋಟು ತೆಗೆಯಲಿಲ್ಲ, ಮಫ್ಲರ್ ಬಿಚ್ಚಲಿಲ್ಲ. ಮೈಕಿನ ಮುಂದೆ ಕೂತ.

"ನಮಸ್ಕಾರ ಅಮೆರಿಕ," ಎಂದ. "ಅನಾಥಾಶ್ರಮದಿಂದ ಒಬ್ಬ ಹುಡುಗ ಓಡಿಹೋಗ್ತಿದಾನೆ. ಅವನ ಹಾಸಿಗೆ ಬೇರೆ ಯಾರಿಗಾದ್ರೂ ಕೊಡಿ."

ಹೆಡ್‌ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದ. ಬಾಗಿಲು ಮುಚ್ಚಿದ ಸದ್ದೂ ದೇಶಕ್ಕೆಲ್ಲ ಕೇಳಿಸಿತು.

ಹಿಂದಿನ ವರ್ಷವಾಗಿದ್ದರೆ ಕೇಳಿಸುತ್ತಿರಲಿಲ್ಲ. ಎಲ್ಲರಿಗೂ ಬಿಟ್ಟಿ ಸಿಗುವ, ಎಫ್ಎಂನಂಥ ನೆಲದ ರೇಡಿಯೊದಲ್ಲಿದ್ದ ಹದಿನಾಲ್ಕು ವರ್ಷವೂ ಹ್ಯಾಗರ್ಟಿಯ ಮಾತನ್ನು ಒಂದು ಯಂತ್ರ ಏಳು ಸೆಕೆಂಡು ತಡೆದು ಹಿಡಿಯುತ್ತಿತ್ತು. ಮಾತು ಮೇರೆ ಮೀರಿದರೆ ಗಾಜಿನ ಆಚೆ ಕೂತ ವಾಲ್ಟ್ ಕೆಂಪು ಗುಂಡಿ ಒತ್ತಿ ಅದನ್ನು ಅಳಿಸಿಬಿಡುತ್ತಿದ್ದ. ಸರ್ಕಾರ ದಂಡದ ಮೇಲೆ ದಂಡ ಹಾಕಿ ಬೇಸರ ಹಿಡಿಸಿದ ಮೇಲೆ ಹ್ಯಾಗರ್ಟಿ ತಂಡ ಕಟ್ಟಿಕೊಂಡು ಉಪಗ್ರಹ ರೇಡಿಯೊಗೆ ಬಂದ. ಇಲ್ಲಿ ಕತ್ತರಿಯಿಲ್ಲ, ಗುಂಡಿಯಿಲ್ಲ. ಜನ ದುಡ್ಡು ಕೊಟ್ಟು ಕೇಳುವುದೇ ಆ ಬೈಗುಳಕ್ಕಾಗಿ. ಅಂಥ ಮೊದಲ ವರ್ಷ ಮುಗಿಯಲು ಮೂರು ವಾರ ಉಳಿದಿತ್ತು.

ಮಧ್ಯಾಹ್ನದೊಳಗೆ ಕಳ್ಳಿಯ ಹೆಸರು ಸಿಕ್ಕಿತು. ಧ್ವನಿಮುದ್ರಿಕೆಗಳ ಕೋಣೆಯ ಬಾಗಿಲು ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತದೆ. ಸೋಮವಾರದ ನಂತರ ಅದು ತೆರೆದದ್ದು ಒಂದೇ ಸಲ. ಮಂಗಳವಾರ ಸಂಜೆ ನಾಲ್ಕೂ ಹತ್ತು. ಕಾರ್ಡು: ಲಿಯಾ ಸಾಲ್ಟ್ಸ್.

ಅಂದರೆ ನಾನು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ನನ್ನನ್ನು ಕೆಲಸದಿಂದ ತೆಗೆಯುವುದೆಂದು ಕಂಪನಿ ತೀರ್ಮಾನಿಸಿತು. ಅದಕ್ಕೂ ಮುಂಚೆ, ವಕೀಲರ ಸಮಾಧಾನಕ್ಕೆ, ಗುರುವಾರ ಒಬ್ಬರನ್ನು ಕರೆಸಿತು.

ಒಡೆಸ್ಸಾ ಪ್ರೂಯಿಟ್. ಬ್ರೂಕ್ಲಿನ್ನಿನಲ್ಲಿ ಇಪ್ಪತ್ತೆಂಟು ವರ್ಷ ಪತ್ತೇದಾರಿ ಪೊಲೀಸಾಗಿದ್ದು ನಿವೃತ್ತರಾದವರು. ಊದಾ ಬಣ್ಣದ ಟೋಪಿ, ಕೈಯಲ್ಲಿ ಟೀ ತುಂಬಿದ ಫ್ಲಾಸ್ಕು.

"ನಿಮ್ಮ ಕಾರ್ಯಕ್ರಮ ಒಂದು ದಿನಾನೂ ಕೇಳಿಲ್ಲ ಮಗಳೇ," ಎಂದರು. "ನನ್ನ ಕಾರಲ್ಲಿ ಚರ್ಚಿನ ಹಾಡು ಬಿಟ್ರೆ ಬೇರೆ ಬರಲ್ಲ. ನೀನೇ ಜೊತೆಗಿದ್ದು ಬರ್ಕೋ. ಅನುಮಾನ ಇರೋರನ್ನ ಕಣ್ಮುಂದೆ ಕೂರಿಸ್ಕೊಂಡ್ರೆ ಓಡಾಟ ಕಮ್ಮಿ. ಮೊದಲು ನೀನೇ ಹೇಳು. ಕಾರ್ಡು ಎಲ್ಲಿಡ್ತೀಯ?"

"ವಾಲ್ಟ್ ಕೋಣೆಯ ಮೊಳೆಗೆ ನೇತುಹಾಕ್ತೀನಿ. ನಾಲ್ಕು ಗಂಟೆಗೆ ಹ್ಯಾಗರ್ಟಿಗೆ ಸೂಪ್ ತರೋಕೆ ಹೋಗ್ತೀನಿ. ಬರೋಕೆ ಅರ್ಧ ಗಂಟೆ."

"ಆ ಕೋಣೆಗೆ ಯಾರ್ಯಾರು ಬರ್ತಾರೆ?"

"ಎಲ್ಲರೂ. ಕಾಫಿ ಯಂತ್ರ ಅಲ್ಲೇ ಇರೋದು."

"ಮಂಗಳವಾರ ಯಾರನ್ನಾದ್ರೂ ಕಂಡ್ಯಾ?"

ಇಲ್ಲ ಎನ್ನಬೇಕಿತ್ತು. ಟೆಸ್ಸಾ ಮತ್ತು ನಾನು ಒಂದೇ ವಾರ ಕೆಲಸಕ್ಕೆ ಸೇರಿದವರು. ಅವಳಿಗೆ ಮೈಕು ಸಿಕ್ಕಿತು, ನನಗೆ ಫೋನು. ಅವಳು ಕೋಣೆಗೆ ಕಾಲಿಟ್ಟರೆ ಎಲ್ಲರ ಮುಖ ಅತ್ತ ತಿರುಗುತ್ತದೆ. ಹನ್ನೊಂದು ತಿಂಗಳಿಂದ ಅವಳ ನಗು ನನ್ನ ಹೊಟ್ಟೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಈಗ ಡೆನ್ನಿಯ ಕುರ್ಚಿಯೂ ಅವಳಿಗೇ.

"ಟೆಸ್ಸಾನ," ಎಂದೆ. "ಹೊರಡೋವಾಗ. ಆ ಬಾಗಿಲ ಹತ್ರ."

ನಾನು ಅವಳನ್ನು ನೋಡಿರಲಿಲ್ಲ.

ಪ್ರೂಯಿಟ್ ತಲೆಯಾಡಿಸಿದರು, ಅಷ್ಟೇ.

ಮೊದಲು ಬಂದವನು ಹ್ಯಾಗರ್ಟಿ. ಅವನ ಮಾತನ್ನು ಇದ್ದಂತೆ ಬರೆಯಲು ನನ್ನ ಕೈ ಏಳದು. ಅಲ್ಲಲ್ಲಿ ಗುಣಿಸು ಗುರುತು ಹಾಕಿದ್ದೇನೆ.

"ಆ ××× ಯಾರು ಅಂತ ಹಿಡೀರಿ ಅಜ್ಜಿ. ಅವನ ××× ಮುರೀತೀನಿ. ನನ್ನ ಮನೇಲೇ ×××! ನನ್ನ ××× ಕೋಣೇಲೇ!"

"ಆ ಮಾತು ನೀವು ಆಡಿದ್ದು ನಿಜಾನಾ?"

"×××, ಆಡಿದೆ. ಸಿಟ್ಟಲ್ಲಿ ನಮ್ಮವ್ವನಿಗೂ ಆಡಿದೀನಿ. ಡೆನ್ನಿ ಇಲ್ದೆ ನನಗೆ ×××ನೂ ನಡೆಯಲ್ಲ. ಹೊಸ ಸ್ಟುಡಿಯೊ ಕಟ್ಟಿಸಿದಾಗ ನನ್ನ ಕುರ್ಚಿ ತಿರುಗಿಸಿದ್ದೇ ಅವನ ಮುಖ ಕಾಣ್ಲಿ ಅಂತ."

"ಮೊದಲು ಯಾವ ಕಡೆ ಇತ್ತು?"

"ಗಾಜಿನ ಕಡೆ. ×××, ಅದೆಲ್ಲ ಯಾಕೆ ಈಗ?"

 ಪ್ರೂಯಿಟ್ ತಮ್ಮ ಪುಟ್ಟ ಪುಸ್ತಕದಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ಅವನು ಹೇಳಿದ ಸುಳ್ಳುಗಳನ್ನು ಎಣಿಸುತ್ತಿದ್ದಾರೆ ಎಂದುಕೊಂಡೆ. ಹನ್ನೊಂದು ನಿಮಿಷಕ್ಕೆ ಪುಟ ತುಂಬಿತು.

ಟೆಸ್ಸಾ ಚೂಯಿಂಗ್ ಗಮ್ ಅಗಿಯುತ್ತ ಬಂದಳು.

"ಡೆನ್ನಿ ಹೋದ್ರೆ ಲಾಭ ನಿನಗೇ ಅಲ್ವೇನಮ್ಮ?"

"ಹೌದು. ಅದಕ್ಕೇ ಊರೆಲ್ಲ ನನ್ನ ಕಡೆ ನೋಡ್ತಿದೆ. ಕದಿಯೋದಾಗಿದ್ರೆ ಲಾಭ ಇಲ್ದೋರ ಹೆಸರಲ್ಲಿ ಕದೀತಿದ್ದೆ."

"ಮಂಗಳವಾರ ನಾಲ್ಕಕ್ಕೆ ಎಲ್ಲಿದ್ದೆ?"

"ಕ್ವೀನ್ಸಲ್ಲಿ, ಹಲ್ಲಿನ ಡಾಕ್ಟರ ಕುರ್ಚಿ ಮೇಲೆ. ದವಡೆ ಹಲ್ಲು. ಬಾಯಿ ತೆಗೆದು ತೋರಿಸ್ಲಾ?"

"ಬೇಡಮ್ಮ. ಬೆಳಗ್ಗೆಯಷ್ಟೇ ತಿಂಡಿ ತಿಂದಿದೀನಿ."

ನನ್ನ ಪೆನ್ನು ನಿಂತಿತು.  ಪ್ರೂಯಿಟ್ ನನ್ನತ್ತ ತಿರುಗಿಯೂ ನೋಡಲಿಲ್ಲ.

ಡೆನ್ನಿ ಫೋನಿನಲ್ಲೇ ಉತ್ತರಿಸಿದ.

"ನಾನೇ ಕದ್ದು ನಾನೇ ಕಳಿಸಿದೆ ಅಂತಾರಾ? ಇರ್ಲಿ ಬಿಡಿ. ಆದ್ರೆ ಆ ಯಂತ್ರಗಳು ನನಗೆ ಬರಲ್ಲ ಮೇಡಂ. ಹದಿನೈದು ವರ್ಷದಲ್ಲಿ ಒಂದು ಟೇಪು ಹಿಂದಕ್ಕೆ ಸುತ್ತೋದೂ ಕಲೀಲಿಲ್ಲ." ಆಮೇಲೆ ಕೇಳಿದ: "ರಸ್ ಏನಾದ್ರೂ ತಿಂದ್ನಾ? ಸಿಟ್ಟು ಬಂದ್ರೆ ಊಟ ಬಿಟ್ಟುಬಿಡ್ತಾನೆ."

ಕೊನೆಗೆ ವಾಲ್ಟ್. ಅರವತ್ತು ದಾಟಿದ ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ. ಬರುವಾಗ ನನಗೆ ಅರ್ಧ ಸ್ಯಾಂಡ್‌ವಿಚ್ ಕಾಗದದಲ್ಲಿ ಸುತ್ತಿ ತಂದಿದ್ದ. ಆ ಕಟ್ಟಡದಲ್ಲಿ ನನ್ನನ್ನು ಇಲಿಮರಿ ಎನ್ನದೆ ಲಿಯಾ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

"ಈ ಮಗು ಅಲ್ಲ," ಎಂದ. "ಅಷ್ಟು ನಾನು ಹೇಳಬಲ್ಲೆ."

"ಮತ್ತೆ ಯಾರು?"

"ಗೊತ್ತಿಲ್ಲ ಮೇಡಂ. ಇಲ್ಲಿ ಬಂದ ಮೇಲೆ ಯಾರ ಬಾಯಿಗೂ ಬೀಗವಿಲ್ಲ."

"ಗುಂಡಿ ಇಲ್ದಿರೋದ್ರಿಂದ ಈಗ ನಿಮಗೇನು ಕೆಲಸ?"

"ಶಬ್ದ ಜೋರಾದ್ರೆ ಇಳಿಸ್ತೀನಿ. ಇಳಿದ್ರೆ ಏರಿಸ್ತೀನಿ," ವಾಲ್ಟ್ ನಕ್ಕ. "ಫ್ಯಾನಿನ ರೆಗ್ಯುಲೇಟರ್ ಕೆಲಸ."

ಶುಕ್ರವಾರ ಹನ್ನೊಂದೂವರೆಗೆ ಪ್ರೂಯಿಟ್ ಎಲ್ಲರನ್ನೂ ಬರಹಗಾರರ ಕೋಣೆಗೆ ಕರೆದರು. ಡೆನ್ನಿಯೊಬ್ಬ ಬರಲಿಲ್ಲ. ಮೇಜಿನ ಮೇಲೆ ಒಂದು ಡಿಸ್ಕು ಇತ್ತು.

"ಇದು ಆ ಎಫ್ಎಂ ಜೋಡಿಯ ಬಾಗಿಲಲ್ಲಿ ಮಂಗಳವಾರ ರಾತ್ರಿ ಯಾರೋ ಇಟ್ಟುಹೋದ ಡಿಸ್ಕು. ಇದ್ದ ಹಾಗೇ ಹಾಕಿದ್ವಿ, ಕೈ ಮುಟ್ಟಿಲ್ಲ ಅಂತಾರೆ. ಎಲ್ರೂ ಇನ್ನೊಂದ್ಸಲ ಕೇಳಿ. ಏನು ಇಲ್ಲ ಇದರಲ್ಲಿ, ಹೇಳಿ."

ಕೇಳಿದೆವು. ನಾಲ್ಕು ನಿಮಿಷ ಹದಿನಾಲ್ಕು ಸೆಕೆಂಡು. ಹ್ಯಾಗರ್ಟಿ ನೆಲ ನೋಡುತ್ತಿದ್ದ.

"ಎಲ್ಲಾ ಇದೆ," ಎಂದಳು ಟೆಸ್ಸಾ.

"ನೀನು ಚಿಕ್ಕಂದಿನಿಂದ ಈ ಕಾರ್ಯಕ್ರಮ ಕೇಳಿದೀಯಲ್ಲಮ್ಮ?"

"ಸ್ಕೂಲ್ ಬಸ್ಸಲ್ಲಿ. ದಿನಾ."

"ಅದಕ್ಕೇ. ನಿಮಗೆಲ್ಲ ಈ ಮನುಷ್ಯನ ದನಿ ಹದಿನಾಲ್ಕು ವರ್ಷ ರೇಡಿಯೊದಲ್ಲಿ ಕೇಳಿ ರೂಢಿ. ನಾನು ನಿನ್ನೆ ಮೊದಲ್ನೇ ಸಲ ಕೇಳಿದ್ದು, ಅದೂ ಎದುರಿಗೆ ಕೂತು." ಅವರು ಪುಸ್ತಕ ತೆರೆದರು. "ನಾನು ಚರ್ಚಿಗೆ ಹೋಗೋಳು. ನನ್ನ ಕಿವಿಗೆ ಚುಚ್ಚಿದ್ದಕ್ಕೆಲ್ಲ ಒಂದೊಂದು ಗೆರೆ ಎಳೆದೆ. ಹನ್ನೊಂದು ನಿಮಿಷಕ್ಕೆ ಎಪ್ಪತ್ತಾರು ಬೈಗುಳ. ಅದೂ ಸಮಾಧಾನದಲ್ಲಿ ಇದ್ದಾಗ. ಈ ಡಿಸ್ಕಲ್ಲಿ ಉರಿದು ಬೀಳ್ತಿದಾರೆ. ಬೈಗುಳ ಎಷ್ಟು?"

ಪ್ರೂಯಿಟ್ ಪುಸ್ತಕದ ಒಂದು ಖಾಲಿ ಪುಟ ತಿರುವಿ ತೋರಿಸಿದರು.

"ಒಂದೂ ಇಲ್ಲ."

"×××," ಎಂದ ಹ್ಯಾಗರ್ಟಿ, ಮೆಲ್ಲಗೆ.

"ನಿಮ್ಮ ಕೋಣೆಯ ಮೂಲ ಧ್ವನಿಮುದ್ರಿಕೆ ತರಿಸಿ ಕೇಳಿದೆ. ಅದು ಇದಕ್ಕಿಂತ ಹದಿನೇಳು ಸೆಕೆಂಡು ಉದ್ದ. ಇಪ್ಪತ್ತೊಂಬತ್ತು ಬೈಗುಳ. ಯಾರೋ ಇಪ್ಪತ್ತೊಂಬತ್ತನ್ನೂ ತೆಗೆದಿದಾರೆ. ಯಾಕೆ? ಎಫ್ಎಂನೋರು ಹೇಳಿದ್ರು, ಬೈಗುಳ ಇದ್ದಿದ್ರೆ ಪೀಂ ಪೀಂ ಅನ್ನಿಸ್ತಿದ್ವಿ, ಪೀಂ ಅಂದ್ರೆ ಜನ ಇನ್ನೂ ಕಿವಿಗೊಡ್ತಾರೆ ಅಂತ. ಕದ್ದೋನಿಗೂ ಅದರಿಂದ ಲಾಭ ಇಲ್ಲ. ತೆಗೀಬೇಕೋ ಬೇಡ್ವೋ ಅಂತ ಅವನು ಯೋಚಿಸ್ಲೇ ಇಲ್ಲ, ರೂಢಿಗೆ ಕೈ ತಾನಾಗೇ ತೆಗೀತು. ಹ್ಯಾಗರ್ಟಿ ಮಾತು ನೆಲದ ರೇಡಿಯೊಗೆ ಹೋಗ್ತಿದೆ ಅಂದ್ರೆ ತೊಳೆದೇ ಕಳಿಸ್ಬೇಕು. ಅವನ ಕೈಗೆ ಗೊತ್ತಿರೋದು ಅಷ್ಟೇ. ಟೆಸ್ಸಾ ಬೈಗುಳಕ್ಕೆ ತಡೆಯಿಲ್ಲದ ಹಾಸ್ಯದ ಕ್ಲಬ್ಬಿನಿಂದ ಬಂದೋಳು. ಡೆನ್ನಿಗೆ ಯಂತ್ರ ಬರಲ್ಲ. ಲಿಯಾ ಸೇರಿದ್ದೇ ಗುಂಡಿ ಹೋದ ಮೇಲೆ, ಒಂದು ಬೈಗುಳಾನೂ ಕತ್ತರಿಸಿದೋಳಲ್ಲ. ವಾರದ ಕೊನೇಲಿ ಮರುಪ್ರಸಾರ ಆಗ್ತಿದ್ದ ಟೇಪುಗಳನ್ನ ಹದಿನಾಲ್ಕು ವರ್ಷ ತೊಳೆದೋರು ಒಬ್ಬರೇ. ಅಲ್ವಾ ಸೆಮಾಂಕೊ ಅವರೇ?"

ವಾಲ್ಟ್ ಡಿಸ್ಕನ್ನೇ ನೋಡುತ್ತಿದ್ದ.

"ನಾನು ತೆಗೆದಿದೀನಾ?" ಎಂದು ಕೇಳಿದ. ನಿಜವಾಗಿಯೂ ತಿಳಿಯದವನ ಹಾಗೆ. "ಇನ್ನೊಂದ್ಸಲ ಹಾಕ್ತೀರಾ?"

ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಕೇಳಿದ. ಒಂದೆರಡು ಕಡೆ ಅವನ ಬೆರಳು ಮೇಜಿನ ಮೇಲೆ ಆಡಿತು.

"ಉಸಿರು ಎಲ್ಲೂ ತುಂಡಾಗಿಲ್ಲ," ಎಂದ. "ಇಪ್ಪತ್ತೊಂಬತ್ತು ಬೆಸುಗೆ. ಇವರಲ್ಲಿ ಒಬ್ಬರಿಗೂ ಗೊತ್ತಾಗ್ಲಿಲ್ಲ."

ಅವನ ಮುಖದಲ್ಲಿದ್ದದ್ದು ಹೆಮ್ಮೆ. ನನಗೆ ಹೆದರಿಕೆಯಾಯಿತು.

"ಯಾಕೆ ವಾಲ್ಟ್?" ಹ್ಯಾಗರ್ಟಿಯ ದನಿ ಒಣಗಿತ್ತು. "ಡೆನ್ನಿ ನಿನಗೇನು ಮಾಡಿದ್ದ?"

"ಏನೂ ಇಲ್ಲ. ಒಳ್ಳೇ ಹುಡುಗ." ವಾಲ್ಟ್ ಹೆಡ್‌ಫೋನಿನ ತಂತಿಯನ್ನು ಸುತ್ತತೊಡಗಿದ. "ಒಂದು ಮಾತು ಆಡಿದ್ರೆ ನೀನು ಮೊದಲು ನೋಡ್ತಿದ್ದುದು ನನ್ನ ಕಡೆ ರಸ್. ಗಾಜಿನಲ್ಲಿ. ಇದು ದಾಟುತ್ತಾ ವಾಲ್ಟ್, ದಾಟಲ್ವಾ? ನನ್ನ ಹುಬ್ಬು ನೋಡ್ಕೊಂಡು ನೀನು ಮುಂದಿನ ಮಾತು ಆಡ್ತಿದ್ದೆ. ಹದಿನಾಲ್ಕು ವರ್ಷ. ಇಲ್ಲಿಗೆ ಬಂದೆ, ಕುರ್ಚಿ ತಿರುಗಿಸ್ದೆ. ಹನ್ನೊಂದು ತಿಂಗಳಿಂದ ನಾನು ನಿನ್ನ ಬೆನ್ನು ನೋಡ್ತಿದೀನಿ. ಆಚೆ ಡೆನ್ನಿ ಮುಖ. ಆ ಮುಖ ಅಲ್ಲಿ ಇಲ್ದಿದ್ರೆ ನೀನು ತಿರುಗ್ತೀಯ ಅಂದ್ಕೊಂಡೆ."

ಹ್ಯಾಗರ್ಟಿ ತನ್ನ ಕುರ್ಚಿಯನ್ನು ವಾಲ್ಟನ ಕಡೆ ತಿರುಗಿಸಿದ. 

ಕೇಳಬಾರದೆಂದುಕೊಂಡಿದ್ದೆ. ಕೇಳಿಬಿಟ್ಟೆ. "ನನ್ನ ಕಾರ್ಡು ಯಾಕೆ ತಗೊಂಡ್ರಿ?"

"ನಿನ್ನನ್ನ ಯಾರು ಅನುಮಾನಿಸ್ತಾರೆ ಅಂತ, ಲಿಯಾ." ಅವನು ನನ್ನ ಕಣ್ಣು ತಪ್ಪಿಸಲಿಲ್ಲ. "ಇಲ್ಲಿ ನಿನ್ನನ್ನ ಯಾರೂ ನೋಡೋದೇ ಇಲ್ಲ. ನನ್ನ ಹಾಗೇ."

ಹನ್ನೆರಡು ಗಂಟೆಗೆ ಕಂಪನಿಯ ಕಾವಲಿನವನು ಬಂದು ಕರೆದೊಯ್ದದ್ದು ವಾಲ್ಟನನ್ನು. ಹ್ಯಾಗರ್ಟಿ ಟ್ಯಾಕ್ಸಿ ಹಿಡಿದು ಡೆನ್ನಿಯ ಮನೆಗೆ ಹೋದ. ಬಾಗಿಲು ತೆರೆಯಲು ಡೆನ್ನಿ ಎರಡು ಗಂಟೆ ಕಾಯಿಸಿದನೆಂದು ಆಮೇಲೆ ಕೇಳಿದೆ.

ಲಿಫ್ಟಿನ ಮುಂದೆ ಪ್ರೂಯಿಟ್ ಟೋಪಿ ಸರಿಮಾಡಿಕೊಂಡರು.

"ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ದೆ. ಆ ಹುಡುಗಿ ಐದು ಗಂಟೆವರೆಗೂ ಅಲ್ಲೇ ಇದ್ಳಂತೆ."

ನಾನು ತಲೆ ತಗ್ಗಿಸಿದೆ.

"ನಾನು ಅದನ್ನ ಬರೆದಿಲ್ಲ ಮಗಳೇ. ಹೊಟ್ಟೆಕಿಚ್ಚಿಗೆ ಕೈಕೋಳ ಹಾಕೋಕೆ ಹೋದ್ರೆ ಬ್ರೂಕ್ಲಿನ್ ಪೂರ್ತಿ ಜೈಲಲ್ಲಿರತ್ತೆ. ಆದ್ರೆ ಅವಳಿಗೆ ನೀನೇ ಹೇಳ್ಬೇಕು. ಇವತ್ತೇ."

ಟೆಸ್ಸಾ ಖಾಲಿ ಸ್ಟುಡಿಯೊದಲ್ಲಿ ಕಾಗದಗಳನ್ನು ಜೋಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದೆ. ನೋಡಿದೆ ಅಂದದ್ದು ಸುಳ್ಳು. ಬೇಕೆಂದೇ ಹೇಳಿದ್ದು. ಅವಳ ಕುರ್ಚಿಯ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಿದ್ದು.

ಅವಳು ಗಮ್ ಅಗಿಯುವುದನ್ನು ನಿಲ್ಲಿಸಿದಳು. 

"ಕಂಪನಿಯೋರು ಬುಧವಾರ ಬಾಗಿಲ ಕಾರ್ಡಿನ ಲೆಕ್ಕ ತೆಗೆಸಿದ್ದು ಯಾಕೆ ಗೊತ್ತೇನೆ?" ಎಂದಳು. "ಇಲಿಮರಿನ ನೋಡಿ ಅಂತ ನಾನೇ ಹೇಳಿದ್ದೆ. ಅದೂ ಏನೂ ತಿಳೀದೇನೇ."

"ನನ್ನನ್ನ? ಯಾಕೆ?"

ಕೈಯಲ್ಲಿದ್ದ ಕಾಗದಗಳನ್ನು ಅವಳು ನನ್ನತ್ತ ತಳ್ಳಿದಳು. ಫೋನಿನ ನಡುವೆ ನಾನು ಗೀಚಿ, ಹೆಸರು ಹಾಕದೆ, ಹ್ಯಾಗರ್ಟಿಯ ಮೇಜಿನ ಮೇಲೆ ಇಟ್ಟುಬರುತ್ತಿದ್ದ ಜೋಕಿನ ಸಾಲುಗಳು.

"ಅಕ್ಷರ ಯಾರದು ಅಂತ ಗೊತ್ತಾಗಲ್ವಾ? ಅವನು ಹೊಟ್ಟೆ ಹಿಡ್ಕೊಂಡು ನಗೋದು ಇವಕ್ಕೆ ಕಣೆ. ನಾನು ಆಡಿದ್ದಕ್ಕೆ ಒಂದು ದಿನಾನೂ ಹಾಗೆ ನಕ್ಕಿಲ್ಲ."